ಮಾಮಾ ಕಾಲೆತ್ತುವುದಿಲ್ಲ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮುಗಿಯದೇ ಇರುವ ಸಂಗತಿಗಳು ಎರಡೇ: ಫ್ರೀವೇ ಟ್ರಾಫಿಕ್ಕು ಮತ್ತು ನನ್ನ ಸೋದರಮಾವ ಶುರು ಮಾಡಿದ ಹಾಡು. ಉತ್ಪ್ರೇಕ್ಷೆ ಅನ್ನುತ್ತೀರಾ? ಒಂದು ಭಾನುವಾರ ನನ್ನ ಜೊತೆ ಓಕ್ಲ್ಯಾಂಡಿಗೆ ಬನ್ನಿ.

ಮಾಮಾ ಧಾರವಾಡದವನು, ಮಿಲ್ಪಿಟಾಸ್‌ನಲ್ಲಿ ಇಂಜಿನಿಯರಾಗಿದ್ದು ರಿಟೈರ್ ಆದವನು. ಓರಗೆಯವರೆಲ್ಲ ಗುಡಿ, ಗಾಲ್ಫು ಅಂತ ಇದ್ದರೆ ಇವನು ಬ್ಯಾಂಜೋ ಎಂಬ ತಂತಿವಾದ್ಯ ಕೊಂಡ. ಅದೂ ದೇಶದ ಆಚೆ ತುದಿಯಲ್ಲಿರುವ ಅಪಲಾಚಿಯಾ ಬೆಟ್ಟಗಳ ಸಂಗೀತ ಕಲಿಯಲಿಕ್ಕೆ!

“ಪಿಟೀಲು ವಲಸೆ ಬಂದವರ ಕೂಡ ಹಡಗಿನ್ಯಾಗ ಬಂತು. ಬ್ಯಾಂಜೋ ಗುಲಾಮರಾಗಿ ಬಂದ ಆಫ್ರಿಕಾದವರ ಕೂಡ ಬಂತು. ಎರಡೂ ಆ ಗುಡ್ಡದಾಗ ಸಂಸಾರ ಹೂಡಿದವು ನೋಡವಾ,” ಎಂದು ತಾನೇ ಮದುವೆ ಮಾಡಿಸಿದವನಂತೆ ಹೇಳುತ್ತಾನೆ.

“ಆ ಸಂಸಾರ ಗ್ಯಾರೇಜಿನ್ಯಾಗ ಇರ್ಲಿ,” ಎಂದಿದ್ದಾಳೆ ಮಾಮಿ.

ಅವನ ಗುರು ಆ ಬೆಟ್ಟದಲ್ಲೇ ಹುಟ್ಟಿದ, ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳಾದ ಒಬ್ಬ ಅಜ್ಜಿ. ಈಗ ಓಕ್ಲ್ಯಾಂಡಿನಲ್ಲಿ ವಾಸ. ಭಾನುವಾರ ತನ್ನ ಮನೆಯ ವರಾಂಡದಲ್ಲಿ ಎಲ್ಲರನ್ನೂ ದುಂಡಗೆ ಕೂರಿಸಿ ಪಿಟೀಲು ನುಡಿಸುತ್ತಾಳೆ. ಕಾಗದವಿಲ್ಲ, ರೆಕಾರ್ಡಿಂಗಿಲ್ಲ, ಕೇಳಿಯೇ ಕಲಿಯಬೇಕು. ಒಂದೇ ಧಾಟಿ ಮತ್ತೆ ಮತ್ತೆ ಸುತ್ತುತ್ತದೆ, ಸುತ್ತಿದಷ್ಟೂ ಎದೆಗಿಳಿಯುತ್ತದೆ. ಸಂಗೀತದ ಗಂಧವಿಲ್ಲದ ನನಗೂ ಮೈ ಜುಮ್ಮೆನ್ನುತ್ತದೆ. ನಿಲ್ಲಿಸುವುದು ಹೇಗೆ? ಶುರು ಮಾಡಿದವರು ಒಂದು ಕಾಲನ್ನು ಮುಂದಕ್ಕೆ ಎತ್ತಬೇಕು. ಅದನ್ನು ಕಂಡು ಎಲ್ಲರೂ ಆ ಸುತ್ತಿಗೆ ಒಟ್ಟಿಗೆ ನಿಲ್ಲಿಸುತ್ತಾರೆ. ಅದು ಅಲ್ಲಿನ ಪದ್ಧತಿ.

ನಮ್ಮ ಮಾಮಾ ಎತ್ತಬೇಕಲ್ಲ! ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವನು ಮೊದಲ ಸಲ ಹಾಡು ಶುರು ಮಾಡಿದ. ಸುತ್ತಿತು, ಸುತ್ತಿತು, ಗಿಟಾರಿನವನ ಬೆರಳು ಕೆಂಪಾದವು. ಕೊನೆಗೆ ಅಜ್ಜಿಯೇ ಸಾಕಾಗಿ ಕಮಾನು ಕೆಳಗಿಟ್ಟಳು. ವಾಪಸು ಬರುವಾಗ ಕಾರಿನಲ್ಲಿ ನಾನು ಮಾಮಾನನ್ನು ತರಾಟೆಗೆ ತೆಗೆದುಕೊಂಡೆ.

“ಗುರುವಿನ ಮಾರಿಗೆ ಕಾಲು ತೋರಸೂದೇನವಾ? ನನ್ನ ಕಡೆ ಆಗೂದಿಲ್ಲ.”

“ಹಂಗಾದ್ರ ಹಾಡು ಮುಗಿಯೂದು ಹೆಂಗ?”

“ಚಲೋ ಹಾಡು ಯಾಕ ಮುಗೀಬೇಕು?”

ಅಂದಿನಿಂದ ಮಾಮಾನಿಗೆ ಹಾಡು ಶುರು ಮಾಡುವ ಹಕ್ಕಿಲ್ಲ. ಅವನ ಆಸೆಯೋ ಒಂದೇ. ಅಜ್ಜಿಗೆ ಅವಳ ತಾಯಿ ಕಲಿಸಿದ, ಬೇರೆ ಯಾರಿಗೂ ಬಾರದ ಒಂದು ಧಾಟಿಯಿತ್ತು, ಅದನ್ನು ಕಲಿಯಬೇಕು. ಅಜ್ಜಿ ಅದನ್ನು ಯಾರ ಮುಂದೆಯೂ ನುಡಿಸುತ್ತಿರಲಿಲ್ಲ. “ಮುಗಿಸಲು ಬಾರದವನಿಗೆ ಅಮ್ಮನ ಹಾಡು ಕೊಡಲಾರೆ,” ಎಂದುಬಿಟ್ಟಿದ್ದಳು. ಮಾಮಾ ಆ ರಾತ್ರಿ ಊಟ ಬಿಟ್ಟ. ಕಾಲು ಮಾತ್ರ ಎತ್ತಲಿಲ್ಲ.

ಈ ಚಳಿಗಾಲ ಅಜ್ಜಿಗೆ ಬೆನ್ನಿನ ಆಪರೇಷನ್ ಆಗಿ ಕಾಲುಗಳ ಸ್ವಾಧೀನ ತಪ್ಪಿತು. ಮತ್ತೆ ವರಾಂಡಕ್ಕೆ ಬಂದದ್ದು ವೀಲ್‌ಚೇರಿನಲ್ಲಿ. ಬಂದವಳೇ, ನಾವು ಯಾರೂ ಕೇಳದ ಧಾಟಿಯೊಂದನ್ನು ಎತ್ತಿಕೊಂಡಳು. ಮಾಮಾನ ಮುಖ ನೋಡಿದೊಡನೆ ತಿಳಿಯಿತು, ಇದೇ ಆ ಹಾಡು. ಒಂದೆರಡು ಸುತ್ತಿಗೆ ಎಲ್ಲರೂ ಕೂಡಿಕೊಂಡರು. ಅಂಥದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಸುತ್ತುಗಳು ಸಾಗಿದವು. ಅಜ್ಜಿಯ ಕೈ ಸೋಲುತ್ತಿತ್ತು. ಅವಳು ತನ್ನ ಕಾಲನ್ನೇ ನೋಡುತ್ತಿದ್ದಳು, ಅದು ಏಳುತ್ತಿರಲಿಲ್ಲ. ಕಮಾನು ಕೆಳಗಿಡಬಹುದಿತ್ತು. ಆದರೆ ಅಮ್ಮನ ಹಾಡನ್ನು ನಡುವೆ ಬಿಡಲು ಅವಳಿಗೆ ಮನಸ್ಸಾಗಲಿಲ್ಲ.

ಮಾಮಾ ಬ್ಯಾಂಜೋವನ್ನು ನನ್ನ ತೊಡೆಯ ಮೇಲಿಟ್ಟು ಎದ್ದ. ಅವಳ ಮುಂದೆ ಮೊಣಕಾಲೂರಿದ. ನಮಸ್ಕಾರ ಮಾಡುತ್ತಾನೆ ಅಂದುಕೊಂಡೆ. ಅವನು ಎರಡೂ ಕೈಗಳಲ್ಲಿ ಅವಳ ಪಾದ ಹಿಡಿದು ಮೆಲ್ಲಗೆ ಮೇಲೆತ್ತಿದ. ಆ ಸುತ್ತು ಮುಗಿದಾಗ ಎಲ್ಲ ವಾದ್ಯಗಳೂ ಒಟ್ಟಿಗೆ ನಿಂತವು.

ಅಜ್ಜಿ ಅವನ ನರೆತ ತಲೆಯ ಮೇಲೆ ಕೈಯಿಟ್ಟು, “ನಾಳೆ ಬಾ, ಕಲಿಸುತ್ತೇನೆ,” ಎಂದಳು.

ಮಾಮಾ ಹೂಂ ಎಂದ. ಪಾದ ಇನ್ನೂ ಅವನ ಕೈಯಲ್ಲೇ ಇತ್ತು.