ರಾಜನನ್ನು ಏನು ಮಾಡುವುದು?

ಮನೆಯಲ್ಲಿ ನನಗೆ ಹೆದರುವವರು ಯಾರೂ ಇಲ್ಲ ಎಂಬುದು ನನ್ನ ಹಳೆಯ ದುಃಖ. ನಮ್ಮ ಹಿತ್ತಿಲಿಗೆ ಹೋಗಲು ನನಗೇ ಹೆದರಿಕೆ ಎಂಬುದು ಹೊಸ ದುಃಖ. ಒಂದು ವಯಸ್ಸಿನಲ್ಲಿ ಮನುಷ್ಯನಿಗೆ ದುರ್ಬುದ್ಧಿ ಬರುತ್ತದೆ. ಕೆಲವರು ಚುನಾವಣೆಗೆ ನಿಲ್ಲುತ್ತಾರೆ, ಕೆಲವರು ಕವನ ಬರೆಯುತ್ತಾರೆ. ನಾನು ಕುದುರೆ ಕೊಂಡೆ. ತೀರ್ಥಹಳ್ಳಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆಗೆ ಮೊದಲೇ ಹುಡುಗ ಹುಡುಗಿಯನ್ನು ಗುಡ್ಡ, ಹೊಳೆ ಅಂತ ಸುತ್ತಿಸಿ ಫೋಟೋ ತೆಗೆಯುವ ಕಾಲ ಇದು. ಬಿಳಿ ಕುದುರೆಯಿದ್ದರೆ ಸಾಗರ, ಹೊಸನಗರದವರೂ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ ಎಂದುಕೊಂಡಿದ್ದೆ.

ಕುದುರೆಯ ಹೆಸರು ರಾಜ. ನಾಲ್ಕು ದಿನ ಸಾಧುವಾಗಿರುತ್ತದೆ. ಐದನೆಯ ದಿನ ಅದರ ತಲೆಗೆ ಏನು ಹೊಳೆಯುತ್ತದೋ ದೇವರೇ ಬಲ್ಲ. ಇಕ್ಕೇರಿಯ ಹತ್ತಿರ ಒಬ್ಬ ಮದುಮಗನನ್ನು ಕೂರಿಸಿದರೆ, ಕತ್ತು ತಿರುಗಿಸಿ ಅವನ ಮೊಣಕಾಲನ್ನೇ ಕಚ್ಚಿತು. ಹುಡುಗಿ ಬಿದ್ದು ಬಿದ್ದು ನಕ್ಕಳು. ನಾನೂ ಮರೆಯಲ್ಲಿ ನಕ್ಕೆ. ಆದರೆ ಕಳೆದ ತಿಂಗಳು, ನೀರಿಡಲು ಹೋದ ನನ್ನ ಹೆಂಡತಿ ಸರೋಜಳನ್ನು ಒದ್ದು ಕೈ ಮುರಿಯಿತು. ಅಂದಿನಿಂದ ನಮ್ಮ ಮನೆಯಲ್ಲಿ ನಗು ನಿಂತಿದೆ.

ಪಶುವೈದ್ಯರು ಬೇಲಿಯಾಚೆಯಿಂದಲೇ ಪರೀಕ್ಷೆ ಮುಗಿಸಿದರು. "ಕಾಯಿಲೆ ಏನಿಲ್ಲ ಇವ್ರೇ, ಸ್ವಭಾವ. ಕೊಲ್ಲೋ ಇಂಜೆಕ್ಷನ್ ಅಂತೂ ನಾನು ಕೊಡಲ್ಲ" ಎಂದರು. ಆ ಮಾತಿಗೆ ರಾಜ ತಲೆಯೆತ್ತಿ ನನ್ನತ್ತ ನೋಡಿತು. ಇಷ್ಟು ವರ್ಷ ಕ್ಯಾಮೆರಾ ಹಿಡಿದರೂ ಅಷ್ಟು ಚಂದದ ಕಣ್ಣು ನಾನು ಕಂಡಿಲ್ಲ. ನನಗೆ ಅಳು ಬಂತು.

ಆಗ ಹುಲಿಕಲ್ ಕಡೆ ಹೋಮ್‌ಸ್ಟೇ ನಡೆಸುವ ಒಬ್ಬರು ಕುದುರೆ ಮಾರಾಟಕ್ಕಿದೆ ಎಂಬ ಸುದ್ದಿ ಕೇಳಿ ಬಂದರು. ಪ್ರವಾಸಿಗರ ಮಕ್ಕಳನ್ನು ಕೂರಿಸಿ ಸುತ್ತಿಸಲು ಅವರಿಗೆ ಕುದುರೆ ಬೇಕಿತ್ತು. "ಪಾಪದ್ದಾ? ಒದೆಯೋದು ಗಿದೆಯೋದು ಇಲ್ವಲ್ಲ?" ಎಂದರು. ರಾಜ ಅಂದು ಮದುವಣಗಿತ್ತಿಯಂತೆ ತಲೆ ತಗ್ಗಿಸಿ ನಿಂತಿತ್ತು. ಮಕ್ಕಳು ಎಂದದ್ದು ಕಿವಿಗೇ ಬೀಳದವನಂತೆ, "ನೀವೇ ನೋಡ್ತಿದ್ದೀರಲ್ಲ" ಎಂದೆ. ಅವರು ಒಪ್ಪಿ ಜೀಪಿನಿಂದ ಹೊಸ ಹಗ್ಗ ತಂದರು. ನಮ್ಮ ಕಡೆ ದನ ಮಾರುವವರು ತಮ್ಮ ಹಗ್ಗ ಬಿಟ್ಟುಕೊಡುವುದಿಲ್ಲ. ಅದರ ಜೊತೆ ಕೊಟ್ಟಿಗೆಯ ಭಾಗ್ಯವೂ ಹೋಗುತ್ತದೆಂಬ ನಂಬಿಕೆ. ಅಂದರೆ ಈಗ ನಾನು ರಾಜನ ಕುತ್ತಿಗೆಗೆ ಕೈ ಹಾಕಿ ಹಳೆಯ ಹಗ್ಗ ಬಿಚ್ಚಬೇಕು. ಎರಡು ಹೆಜ್ಜೆ ಇಟ್ಟೆ. ಮೂರು ಹೆಜ್ಜೆ ಹಿಂದೆ ಬಂದೆ. "ಹಗ್ಗ ಸಮೇತ ಹಿಡ್ಕೊಂಡು ಹೋಗಿ" ಎಂದುಬಿಟ್ಟೆ.

ಅವರು ನನ್ನನ್ನು ನೋಡಿದರು, ಬಾಗಿಲಲ್ಲಿ ನಿಂತ ಸರೋಜಳ ಪ್ಲಾಸ್ಟರ್ ನೋಡಿದರು. "ಹಗ್ಗ ಬಿಚ್ಚೋಕೇ ಹೆದರ್ತೀರಿ, ಮಕ್ಕಳನ್ನ ಕೂರ್ಸಿ ಅಂತೀರಲ್ಲ ಮಾರಾಯ್ರೆ!" ಎಂದು ಜೀಪು ಹತ್ತಿದರು. ಆಗ ನೆನಪಾಯಿತು: ನನಗೆ ರಾಜನನ್ನು ಮಾರಿದವನೂ "ಹಗ್ಗ ಇರ್ಲಿ ಬಿಡಿ" ಎಂದಿದ್ದ. ಎಂಥ ಧಾರಾಳಿ ಎಂದು ನಾನು ಮನೆಗೆ ಬಂದು ಅವನನ್ನು ಹೊಗಳಿದ್ದೆ.

"ಒಂದು ಮಗು ಬಿದ್ದಿದ್ರೆ ಎಂತ ಮಾಡ್ತಿದ್ರಿ?" ಎಂದಳು ಸರೋಜ. ಆ ರಾತ್ರಿ ಊಟ ಸೇರಲಿಲ್ಲ.

ರಾಜ ಇನ್ನೂ ಹಿತ್ತಿಲಲ್ಲೇ ಇದೆ. ಉದ್ದನೆಯ ಕೋಲಿನಿಂದ ಹುಲ್ಲು ತಳ್ಳುತ್ತೇನೆ. ಮುಂದೇನು ಎಂದು ಕೇಳಿದವರಿಗೆ ಯೋಚಿಸುತ್ತಿದ್ದೇನೆ ಎನ್ನುತ್ತೇನೆ. ನಾಚಿಕೆ ಬಿಟ್ಟು ನಿಜ ಹೇಳಿಬಿಡುತ್ತೇನೆ: ಯಾರಾದರೂ ಬೇಲಿಯ ಹತ್ತಿರ ನಿಂತು ಅದರ ಚಂದ ಹೊಗಳಿದರೆ, ಅವರಿಗೆ ದನಕರು ಸಾಕಿ ಗೊತ್ತಿದೆಯೇ ಎಂದು ಮೊದಲು ವಿಚಾರಿಸುತ್ತೇನೆ. ಇಲ್ಲ ಎಂದರೆ, ಒಳಗೆ ಕರೆದು ಕಾಫಿ ಕೊಡುತ್ತೇನೆ.