ತಂಬೂರಿ ಮಾಳಿಂಗಪ್ಪನ ಸಿನಿಮಾ

ತಂಬೂರಿ ಹಿಡಿಯಬೇಕಿದ್ದ ಶಿಷ್ಯ ಲೈಟುಗಳ ಕಾವಿಗೆ ತಲೆ ತಿರುಗಿ ಬಿದ್ದದ್ದೇ ಎಲ್ಲದಕ್ಕೂ ಮೂಲ.

ಧಾರವಾಡದಲ್ಲಿ ಸರ್ಕಾರದ ಸಿನಿಮಾದವರು ಒಂದು ಸಂಗೀತ ಕಚೇರಿಯ ಚಿತ್ರ ತೆಗೆಯುತ್ತಿದ್ದರು. ಉತ್ತರದ ಸಾರಂಗಿ ಉಸ್ತಾದರು, ದಕ್ಷಿಣದ ಪಿಟೀಲು ವಿದ್ವಾಂಸರು ಒಂದೇ ವೇದಿಕೆಯ ಮೇಲೆ. ಷಡ್ಡಕನ ಮನೆಗೆಂದು ಅಲ್ಲಿಗೆ ಹೋಗಿದ್ದ ದಾವಣಗೆರೆಯ ಮಾಳಿಂಗಪ್ಪ, ಬ್ಯಾಡ ಬ್ಯಾಡ ಎನ್ನುತ್ತಿದ್ದ ಹೆಂಡತಿ ಓಬವ್ವನನ್ನೂ ಎಳೆದುಕೊಂಡು ಕೇಳಲು ಹೋಗಿದ್ದ. ಶಿಷ್ಯ ಬಿದ್ದ. "ತಂಬೂರಿ ಮೀಟೋರು ಯಾರಾದ್ರೂ ಅದೀರೇನ್ರಿ?" ಎಂಬ ಕೂಗು ಬಂತು. ಭಜನಾ ಮಂಡಳಿಯಲ್ಲಿ ತಂಬೂರಿ ಹಿಡಿದೇ ತಲೆ ನರೆಸಿಕೊಂಡ ಮಾಳಿಂಗಪ್ಪ ಎದ್ದು ನಿಂತ.

ಆವತ್ತಿನಿಂದ ಹತ್ತಿ ಗಿರಣಿಯ ಈ ಗುಮಾಸ್ತ ನೆಲದಿಂದ ಒಂದು ಗೇಣು ಮೇಲೆಯೇ ನಡೆಯುತ್ತಿದ್ದ. ಉಸ್ತಾದರು ಹೆಂಗೆ ಕಣ್ಣು ಮುಚ್ಚಿದರು, ವಿದ್ವಾಂಸರು ಹೆಂಗೆ ತಲೆದೂಗಿದರು ಎಂದು ಓಣಿಯ ಕಟ್ಟೆಯ ಮೇಲೆ ಕುಣಿದು ತೋರಿಸುತ್ತಿದ್ದ. ವರ್ಷ ಕಳೆದರೂ ಸಿನಿಮಾ ಮಾತ್ರ ಬರಲಿಲ್ಲ.

"ಏನಪ್ಪಾ, ನಿನ್ನ ಸಿನಿಮಾ ಡಬ್ಬಿಯಾಗೆ ಹುಳಿ ಬರಾಕತ್ತೈತೇನು?" ಎಂದು ಪಕ್ಕದ ಮನೆಯ ಗುತ್ತೆಪ್ಪ ದಿನಾ ಕೇಳುತ್ತಿದ್ದ. ಅವನೂ ಅದೇ ಗಿರಣಿಯವನಾದ್ದರಿಂದ ಈ ಪ್ರಶ್ನೆ ಮನೆಯಲ್ಲೊಮ್ಮೆ, ಗಿರಣಿಯಲ್ಲೊಮ್ಮೆ ಚುಚ್ಚುತ್ತಿತ್ತು. ಕೊನೆಕೊನೆಗೆ ಜನ ಮಾಳಿಂಗಪ್ಪ ಬಾಯಿ ತೆರೆದರೆ ಸಾಕು, ಕೊಡೆ ಹಿಡಿದ ಎಮ್ಮೆ ಕಂಡವರಂತೆ ನಗತೊಡಗಿದ್ದರು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಹರಿಹರದ ಟಾಕೀಸಿನ ಆಪರೇಟರ್ ಖಾಜಾ ಹುಸೇನ್ ಸೈಕಲ್ಲಿನಿಂದ ಇಳಿದ. ಭಜನೆ ಕೇಳಲು ಬರುತ್ತಿದ್ದ ಹಳೆಯ ಗೆಳೆಯ.

"ಮಾಳಿಂಗಪ್ನೋರೆ, ನಿಮ್ಮ ಸಾರಂಗಿ ಪಿಕ್ಚರ್ ಬಂದೈತ್ರಿ! ದೊಡ್ಡ ಚಿತ್ರಕ್ಕೆ ಮೊದ್ಲು ಹಾಕ್ತೀವಿ. ನಾನು ರಜಾ ಮುಗಿಸಿ ನೆನ್ನೆ ಬಂದ ಮ್ಯಾಲೇ ನೋಡಿದೆ. ಇವತ್ತೇ ಕಡೆ ದಿನ. ನಾಳೆ ಡಬ್ಬಿ ಬ್ಯಾರೆ ಊರಿಗೆ ಹೋಗ್ತೈತೆ."

"ನಾನು ಕಾಣ್ತೀನೇನೋ ಅದ್ರಾಗೆ?"

"ಹಿಂದೆ ಯಾರೋ ಕುಂತಾರೆ. ನೀವೇ ಬಂದು ನೋಡ್ರಿ," ಎಂದು ಅವನು ಸೈಕಲ್ ಹತ್ತಿದ.

ಮಧ್ಯಾಹ್ನದ ಹೊತ್ತಿಗೆ ಇಡೀ ಓಣಿ ರೈಲು ನಿಲ್ದಾಣದಲ್ಲಿತ್ತು. ಸುಳ್ಳೋ ನಿಜವೋ ನೋಡೇಬಿಡುವ ಎಂದು ಗುತ್ತೆಪ್ಪ ಎಲ್ಲರಿಗಿಂತ ಮುಂದೆ ನಿಂತಿದ್ದ. ಓಣಿಗೆಲ್ಲ ಹಿರಿಯಳಾದ ಗಿರಿಯಮ್ಮ ಮಾತ್ರ ಸುತ್ತಮುತ್ತ ನೋಡಿ, "ಬರಿಗೈಯಾಗೆ ಸಿನಿಮಾಕ್ಕೆ ಹೋಗ್ತಾರೇನ್ರೋ? ಮಂಡಕ್ಕಿ ಮೆಣಸಿನಕಾಯಿ ತಂದೇಬಿಡ್ತೀನಿ," ಎಂದು ಹೊರಟಳು. ಮೆಣಸಿನಕಾಯಿ ಬೋಂಡಾ ಆಗಷ್ಟೇ ಎಣ್ಣೆಗೆ ಬಿದ್ದಿತ್ತು. ಅದು ಕೆಂಪಗಾಗುವಷ್ಟರಲ್ಲಿ ರೈಲು ಬಂದು, ಕೂಗಿ, ಹೊರಟುಹೋಯಿತು. ಗಿರಿಯಮ್ಮನನ್ನು ಬಿಟ್ಟು ಹತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಬಸ್ಸು ಹಿಡಿದರು. ಅದು ಅರ್ಧ ದಾರಿಯಲ್ಲಿ ಹುಕ್ಕಾ ಸೇದುವ ಮುದುಕನಂತೆ ಹೊಗೆ ಬಿಟ್ಟು ನಿಂತಿತು. ಡ್ರೈವರ್ ನೀರಿಗೆ ಹೋದ. ಮಾಳಿಂಗಪ್ಪ ಬಸ್ಸಿನ ಸುತ್ತ ಪ್ರದಕ್ಷಿಣೆ ಹಾಕಿದ. ಓಬವ್ವ ಮಾತ್ರ ಕಿಟಕಿಯ ಪಕ್ಕ ಕೂತು ಮಂಡಕ್ಕಿ ತಿನ್ನುತ್ತಿದ್ದಳು.

"ನಿಂಗೆ ಚಿಂತೇನೇ ಇಲ್ಲಲ್ಲೇ!"

"ಆ ಗುಂಯ್ ಗುಂಯ್ ಒಂದ್ಸಲ ಕೇಳೀನಲ್ರಿ. ಸಾಕಾಗೈತೆ."

ಟಾಕೀಸಿನೊಳಗೆ ನುಗ್ಗಿದಾಗ ಪರದೆಯ ಮೇಲೆ ರಾಕ್ಷಸನೊಬ್ಬ ಹೊಟ್ಟೆ ಕುಣಿಸಿ ನಗುತ್ತಿದ್ದ. ಸಾರಂಗಿ ಚಿತ್ರ ಮುಗಿದು ದೊಡ್ಡ ಚಿತ್ರ ಶುರುವಾಗಿಬಿಟ್ಟಿತ್ತು. ಆ ರಾಕ್ಷಸ ತನ್ನನ್ನೇ ನೋಡಿ ನಗುತ್ತಿದ್ದಾನೆ ಎನಿಸಿ ಮಾಳಿಂಗಪ್ಪ ಮೆಟ್ಟಿಲ ಮೇಲೆ ಕುಸಿದ. "ನನಗೆ ಮೊದ್ಲೇ ಗೊತ್ತಿತ್ತು ಬಿಡು," ಎಂದ ಗುತ್ತೆಪ್ಪ, ಬಹಳ ಸಮಾಧಾನದಿಂದ.

ಮಾಲೀಕರ ಕೋಣೆಗೆ ನುಗ್ಗಿದವಳು ಗಿರಿಯಮ್ಮ. "ಸಾಹುಕಾರ್ರೆ, ನಮ್ಮ ಓಣಿ ಹುಡುಗ ನಿಮ್ಮ ಪರದೆ ಮ್ಯಾಲೆ ಬಂದಾನೆ. ಇನ್ನೊಂದ್ಸಲ ಹಾಕ್ರಿ."

"ಹಂಗೆಲ್ಲ ಆಗಲ್ಲಮ್ಮ. ಜನ ಗಲಾಟೆ ಮಾಡ್ತಾರೆ."

"ಜನ ಮಾಡೋ ಗಲಾಟೆ ಆಮ್ಯಾಕೆ. ನಾವು ಮಾಡೋದು ಈಗಲೇ ಐತೆ. ತಗಳ್ರಿ, ದಾವಣಗೆರೆ ಮೆಣಸಿನಕಾಯಿ."

ಮಾಲೀಕರು ಒಂದು ಕಚ್ಚಿದರು. ಕಣ್ಣಲ್ಲಿ ನೀರು ಬಂತು. ಮಾತು ಹೊರಡದೆ ಕೈಯಾಡಿಸಿದರು. ಅದನ್ನೇ ಒಪ್ಪಿಗೆಯೆಂದು ತಿಳಿದ ಗಿರಿಯಮ್ಮ ಖಾಜಾ ಹುಸೇನನಿಗೆ ಕೂಗಿ ಹೇಳಿದಳು.

ಮಧ್ಯಂತರದಲ್ಲಿ ದೀಪ ಮತ್ತೆ ಆರಿತು.

ಪರದೆಯ ತುಂಬ ಉಸ್ತಾದರ ಮುಖ. ಮಾಳಿಂಗಪ್ಪ ಬೆಚ್ಚಿದ. ಧಾರವಾಡದಲ್ಲಿ ಅವರ ಹಿಂದೆ ಕೂತಿದ್ದ ಅವನಿಗೆ ಕಂಡಿದ್ದು ಎರಡು ಬೆನ್ನು, ಒಂದು ಪೇಟ ಅಷ್ಟೇ. ಕಟ್ಟೆಯ ಮೇಲೆ ಕುಣಿದು ತೋರಿಸಿದ್ದೆಲ್ಲ ಅವನದೇ ಊಹೆ. ಈಗ ನಿಜವಾದ ಮುಖ ಎದುರಿಗಿತ್ತು. ಉಸ್ತಾದರು ಸಾರಂಗಿಯಲ್ಲಿ ಒಂದು ಸ್ವರವನ್ನು ಎಳೆದೆಳೆದು, ಮಗುವನ್ನು ಕೈ ದಾಟಿಸುವಂತೆ ಪಕ್ಕಕ್ಕೆ ದಾಟಿಸಿದರು. ವಿದ್ವಾಂಸರ ಹುಬ್ಬು ಏರಿತು. ಪಿಟೀಲು ಅದನ್ನು ಎತ್ತಿಕೊಂಡು, ಆಡಿಸಿ, ಸಿಂಗರಿಸಿ ಮರಳಿ ಕೊಟ್ಟಿತು. ಇವರ ಭಾಷೆ ಅವರಿಗೆ ಬಾರದು, ಅವರ ಊಟ ಇವರಿಗೆ ಸೇರದು. ಆದರೆ ಎರಡು ಕಮಾನು ಒಟ್ಟಿಗೆ ಏರಿ ಒಟ್ಟಿಗೆ ಇಳಿದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಮಾವಿನ ತೋಪಿಗೆ ಒಟ್ಟಿಗೇ ಕನ್ನ ಹಾಕಿದ ಹುಡುಗರಂತೆ ನಕ್ಕರು. ನೆಲದಲ್ಲಿ ಕೂತ ಹಮಾಲರೂ "ಆಹಾ!" ಎಂದರು. ಮಾಳಿಂಗಪ್ಪನ ಎದೆ ಉಬ್ಬಿತು. ಈ ನಗುವಿನ ಹಿಂದೆ ಹರಿಯುತ್ತಿದ್ದ ಶ್ರುತಿ ತನ್ನದು! ತನ್ನನ್ನು ತಾನು ಹುಡುಕುವುದೇ ಅವನಿಗೆ ಮರೆತುಹೋಯಿತು.

"ನೀನೆಲ್ಲೋ?" ಗುತ್ತೆಪ್ಪ ತಿವಿದ.

ಉಸ್ತಾದರ ಪೇಟದ ಹಿಂದಿನಿಂದ ತಂಬೂರಿಯ ಕುತ್ತಿಗೆ ಕಾಣುತ್ತಿತ್ತು. ಅದರ ಮೇಲೆ ನಾಲ್ಕು ಬೆರಳು.

"ಅದೇ! ಆ ಬೆರಳು ನಂದು!"

"ಬೆರಳು ನಂಗೂ ಅದಾವೆ!" ಎಂದು ಗುತ್ತೆಪ್ಪ ಕೈ ಎತ್ತಿ ತೋರಿಸುವಷ್ಟರಲ್ಲಿ ಪರದೆ ಬದಲಾಯಿತು. ಸಭೆಯ ಮಧ್ಯದಿಂದ ಒಂದು ಮುಖ ದೊಡ್ಡದಾಗುತ್ತ ದೊಡ್ಡದಾಗುತ್ತ ಬಂದು ಗೋಡೆಯಷ್ಟಾಯಿತು. ತಲೆಯ ಮೇಲೆ ಸೆರಗು, ಬಾಯಿಗೆ ಅಡ್ಡ ಹಿಡಿದ ಅಂಗೈ, ಕೆನ್ನೆಯ ಮೇಲೆ ಮುತ್ತಿನಂತೆ ಇಳಿಯುವ ಕಣ್ಣೀರು. 'ನಾದಕ್ಕೆ ಕರಗಿದ ಹೃದಯ' ಎಂದಿತು ಸಿನಿಮಾದೊಳಗಿನ ಗಂಭೀರ ದನಿ.

"ಓಬವ್ವಾ!" ಎಂದು ಗಿರಿಯಮ್ಮ ಕಿರುಚಿದಳು.

ಟಾಕೀಸಿಗೆ ಟಾಕೀಸೇ ಎದ್ದು ನಿಂತಿತು. ಹೆಂಗಸರು ಓಬವ್ವನ ಕೈ ಹಿಡಿದರು. ಮಾಲೀಕರು ತಾವೇ ಬಂದು ಅವಳನ್ನು ಮೊದಲ ದರ್ಜೆಯ ಕುರ್ಚಿಗೆ ಕರೆದೊಯ್ದು, "ಕೂಡ್ರಿ ತಾಯಿ," ಎಂದು ಸೋಡಾ ತರಿಸಿದರು. ಹಿಂದೆ ಹೊರಟ ಮಾಳಿಂಗಪ್ಪನನ್ನು ಬಾಗಿಲಿನವನು ತಡೆದ.

"ನೀವ್ಯಾರ್ರಿ?"

"ಆತ ಓಬವ್ವನ ಗಂಡ ಕಣಪ್ಪ, ಬಿಡು," ಎಂದ ಗುತ್ತೆಪ್ಪ.

ಸಂಜೆಯ ರೈಲಿನಲ್ಲೂ ಓಬವ್ವನಿಗೆ ಕಿಟಕಿಯ ಜಾಗ ಸಿಕ್ಕಿತು. ಮಾಳಿಂಗಪ್ಪ ಅವಳ ಮಂಡಕ್ಕಿ ಚೀಲ ಹಿಡಿದು ನಿಂತಿದ್ದ. ಮೊದಲು ಸಣ್ಣ ಹೊಟ್ಟೆಕಿಚ್ಚು ಎದ್ದಿತ್ತು, ನಿಜ. ಆದರೆ ತುಂಗಭದ್ರೆ ಹಿಂದೆ ಸರಿಯುವಷ್ಟರಲ್ಲಿ ಅದು ಆರಿ, ಹೆಮ್ಮೆಯೇ ಉಳಿದಿತ್ತು. ಇಷ್ಟು ವರ್ಷ ಗುಂಯ್ ಗುಂಯ್ ಎಂದು ಬೈಯುತ್ತಿದ್ದವಳ ಒಳಗೆ ಎಂಥ ರಸಿಕಳಿದ್ದಾಳೆ!

ಬಾಗಿ ಮೆಲ್ಲಗೆ ಕೇಳಿದ. "ಸಂಗೀತ ಅಷ್ಟು ಹಿಡಿಸಿತೇನೇ? ಅತ್ತುಬಿಟ್ಟೆಯಲ್ಲ!"

ಓಬವ್ವ ಆಚೀಚೆ ನೋಡಿದಳು. "ಅತ್ತಿದ್ದಲ್ರಿ ಅದು."

"ಮತ್ತೆ?"

"ನಗು ತಡೀಲಾರದೆ ಬಂದ ನೀರು. ನೀವು ತಂಬೂರಿ ತಬ್ಬಿಕೊಂಡು ನಿದ್ದೆ ಹೊಡೀತಿದ್ರಲ್ರಿ! ಬಾಯಿ ಇಷ್ಟಗಲ ತೆಗೆದು! ಬೆರಳು ಮಾತ್ರ ತಮ್ಮ ಪಾಡಿಗೆ ಆಡ್ತಿದ್ವು. ಪುಣ್ಯಕ್ಕೆ ಸಿನಿಮಾದಾಗೆ ಆ ಉಸ್ತಾದ್ರ ಪೇಟ ಅಡ್ಡ ಬಂತು," ಎಂದು ಓಬವ್ವ ಮತ್ತೆ ಬಾಯಿಗೆ ಅಂಗೈ ಅಡ್ಡ ಹಿಡಿದು ನಕ್ಕಳು.

ಮಾಳಿಂಗಪ್ಪನ ಬಾಯಿ ಈಗಲೂ ಅಷ್ಟೇ ಅಗಲ ತೆರೆದುಕೊಂಡಿತು.

ಎದುರು ಕೂತಿದ್ದ ಗಿರಿಯಮ್ಮ ಮುಂದೆ ಬಾಗಿದಳು. "ಏನವ್ವ ಅದು ಗುಟ್ಟು, ಗಂಡ ಹೆಂಡ್ತೀದು? ಯಾಕ ನಗ್ತೀಯ?"

"ಏನಿಲ್ಲಮ್ಮ," ಎಂದು ಮಾಳಿಂಗಪ್ಪನೇ ಮುಂದಾದ. ಎದೆ ಸೆಟೆಸಿ, ಇಡೀ ರೈಲು ಡಬ್ಬಿಗೆ ಕೇಳುವಂತೆ ಹೇಳಿದ. "ಸಂಗೀತ ಅಂದ್ರೆ ನಮ್ಮಾಕಿಗೆ ಪ್ರಾಣ. ಮುಂದಿನ ಕಚೇರಿಗೆ ತಂಬೂರಿ ತಾನೇ ಹಿಡೀತಾಳಂತೆ."