ಸಮುದ್ರಕ್ಕೆ ಬೆನ್ನು ಹಾಕಿ ರೊಟ್ಟಿ ಕಾದದ್ದು

ಇದು ಹೀಗೆಯೇ ನಡೆಯಿತೆಂದು ನಾನು ಆಣೆ ಮಾಡಿ ಹೇಳಲಾರೆ. ಎಂಟನೇ ತರಗತಿಯ ಶಾಲಾ ಪ್ರವಾಸದ ಸಂಗತಿ. ಇದರಲ್ಲಿ ನಾನು ಕಣ್ಣಾರೆ ಕಂಡದ್ದೆಷ್ಟು, ಗೆಳೆಯ ಮಲ್ಲು ಹೇಳಿ ಹೇಳಿ ನನ್ನ ತಲೆಯಲ್ಲಿ ಕೂರಿಸಿದ್ದೆಷ್ಟು ಎಂಬುದು ಈಗ ತಿಳಿಯದಾಗಿದೆ. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಇತಿಹಾಸದ ಎಂ.ಎ. ಓದಿದ್ದರ ಫಲ ಇದು. ಯಾರು ಏನು ಹೇಳಿದರೂ ಆಧಾರ ಕೇಳಬೇಕೆಂದು ಅಲ್ಲಿ ಕಲಿತೆ. ಊರವರನ್ನು ಕೇಳಿದೆ, ಮಾತು ಬಿಟ್ಟರು. ಹೆಂಡತಿಯನ್ನು ಕೇಳಿದೆ, ಎದ್ದು ಅಡುಗೆಮನೆಗೆ ಹೋದಳು. ಇನ್ನುಳಿದವನು ನಾನೊಬ್ಬನೇ.

ಜೇವರ್ಗಿ ತಾಲೂಕಿನ ನೆಲೋಗಿಯ ಆಚೆಗಿರುವ ನಮ್ಮೂರ ಶಾಲೆಯಿಂದ ಕಾರವಾರದ ಕಡೆಗೆ ಬಸ್ಸು ಹೊರಟಿತ್ತು. ಇದಕ್ಕೆ ಆಧಾರವಿದೆ, ಬಸ್ಸಿನ ಮುಂದೆ ನಿಂತ ಫೋಟೋದಲ್ಲಿ ನನ್ನ ಅರ್ಧ ಮುಖ ಬಂದಿದೆ. ನಮ್ಮಲ್ಲಿ ಒಬ್ಬರೂ ಸಮುದ್ರ ಕಂಡವರಲ್ಲ. ಅಲ್ಲಿ ಅನ್ನ ಬಿಟ್ಟರೆ ಮೀನು, ಮೀನು ಬಿಟ್ಟರೆ ಅನ್ನ ಎಂದು ಬಿರಾದಾರ ಸರ್ ಮೊದಲೇ ಹೆದರಿಸಿದ್ದರಿಂದ ಮನೆಮನೆಯಿಂದ ಖಡಕ್ ರೊಟ್ಟಿ ಬಂದವು. ಎಲ್ಲವನ್ನೂ ಹಳೆಯ ಧೋತರದಲ್ಲಿ ಕಟ್ಟಿದರು. ನಮ್ಮವ್ವ ತನ್ನ ರೊಟ್ಟಿಗಳನ್ನು ಎಲ್ಲಕ್ಕಿಂತ ಮೇಲೆ ಇಡಿಸಿದಳು. ಹಪ್ಪಳದಷ್ಟು ತೆಳ್ಳಗೆ ಬಡಿದು, ಎಳ್ಳು ಹಚ್ಚಿದ್ದ ರೊಟ್ಟಿಗಳು. ಕೆಳಗಿಟ್ಟರೆ ಮುರಿದಾವೆಂದು ಆಕೆಗೆ ಚಿಂತೆ.

"ಈ ಗಂಟಿಗಿ ಯಾರು ಜವಾಬ್ದಾರರು?" ಎಂದು ಸರ್ ಕೇಳಿದರು. ನಾನು ಕೈ ಎತ್ತಿದೆ. ನನ್ನ ಜೀವನದ ಎಲ್ಲ ಅನರ್ಥಗಳೂ ಹೀಗೆ ಕೈ ಎತ್ತುವುದರಿಂದಲೇ ಶುರುವಾಗಿವೆ.

ಗಂಟು ನನಗಿಂತ ದಪ್ಪಗಿತ್ತು. ಬಸ್ಸಿನಲ್ಲಿ ಅದು ಕಿಟಕಿಯ ಪಕ್ಕ ಕೂತಿತು, ನಾನು ಅದರ ಪಕ್ಕ ಕೂತೆ. ಮರುದಿನ ಬೆಳಿಗ್ಗೆ ಘಟ್ಟ ಇಳಿದು ಕಡಲ ಬದಿಯ ರಸ್ತೆ ಹಿಡಿದಾಗ ಬಸ್ಸಿನ ತುಂಬ ಒಂದೇ ಗದ್ದಲ. ಗುಡ್ಡದ ಸಂದಿಯಲ್ಲಿ ಸಮುದ್ರ ಕಾಣುತ್ತದೆ, ಮಾಯವಾಗುತ್ತದೆ, ಮತ್ತೆ ಕಾಣುತ್ತದೆ! ಇದನ್ನೆಲ್ಲ ನನಗೆ ಹೇಳಿದವನು ಮುಂದಿನ ಸೀಟಿನ ಮಲ್ಲು. ನನ್ನ ಕಿಟಕಿಯಲ್ಲಿ ಕಂಡದ್ದು ಧೋತರದ ಅಂಚು.

ದಂಡೆಗೆ ಇಳಿದ ಮೇಲೆ ಸರ್ ನಮ್ಮನ್ನು ಎರಡು ಗುಂಪು ಮಾಡಿದರು. ಮೊದಲ ಗುಂಪು ಅವರೊಂದಿಗೆ ನೀರಿಗೆ ಹೋಯಿತು. ಎರಡನೆಯದು ಹಿಂದಿನ ಮರಗಳ ನೆರಳಲ್ಲಿ ತನ್ನ ಪಾಳಿ ಕಾಯುತ್ತ ಕೂತಿತು. ನಾನು ಎರಡನೆಯ ಗುಂಪಿನವನು. ಆದರೆ ಸಮುದ್ರದ ಹತ್ತಿರ ಇರುವ ಆಸೆಗೆ ಗಂಟನ್ನು ಎಳೆದುಕೊಂಡು ಮುಂದೆ ಬಂದು ಕೂತೆ. ಬುದ್ಧಿಯಿಲ್ಲದೆ ಕೂರಲಿಲ್ಲ. ನೀರಿನಿಂದ ಇಪ್ಪತ್ತು ಹೆಜ್ಜೆ ಅಳೆದು ಕೂತೆ. ನಾನು ಭೀಮಾ ದಂಡೆಯವನು, ನೀರಿನ ಸ್ವಭಾವ ಬಲ್ಲೆ. ಭೀಮಾ ಏರಬೇಕಾದರೆ ಮೊದಲು ಮಹಾರಾಷ್ಟ್ರದಲ್ಲಿ ಮಳೆಯಾಗಬೇಕು, ಡ್ಯಾಮಿನವರು ಗೇಟು ಎತ್ತಬೇಕು, ಆಮೇಲೆ ಊರಲ್ಲಿ ಡಂಗುರ ಸಾರಬೇಕು. ಡಂಗುರವಿಲ್ಲದೆ, ಬಿಸಿಲಲ್ಲಿ, ಸುಮ್ಮನೆ ಏರುವ ನೀರು ಜಗತ್ತಿನಲ್ಲಿ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ದಂಡೆಯಲ್ಲಿ ಒಂದು ಕೆಂಚು ನಾಯಿ ಅಡ್ಡಾಡುತ್ತಿತ್ತು. ಕಳ್ಳ ಅದೇ ಎಂದು ತೀರ್ಮಾನಿಸಿದೆ. ಗಂಟನ್ನು ಹಿಂದೆ ಇಟ್ಟು, ಸಮುದ್ರಕ್ಕೆ ಬೆನ್ನು ಹಾಕಿ, ನಾಯಿಯ ಮೇಲೆ ಕಣ್ಣಿಟ್ಟು ಕೂತೆ. ನಾಯಿ ಎದುರಿಗೆ ಕೂತು ನನ್ನನ್ನು ನೋಡಿತು, ನಾನು ನಾಯಿಯನ್ನು ನೋಡಿದೆ. ಆಮೇಲೆ ನಾಯಿ ನನ್ನ ಹಿಂದೆ ನೋಡಿ ಎದ್ದು ಹೋಯಿತು. ಗೆದ್ದೆ ಅಂದುಕೊಂಡೆ!

ಮಲ್ಲುವಿನ ಪ್ರಕಾರ ನಾನು ನಿದ್ದೆ ಮಾಡುತ್ತಿದ್ದೆ. ಇದಕ್ಕೆ ಆಧಾರವಿಲ್ಲ.

ತಿರುಗಿ ನೋಡಿದರೆ ಗಂಟು ಕೂತ ಜಾಗದಲ್ಲಿರಲಿಲ್ಲ. ನೀರಿನಲ್ಲಿತ್ತು, ಕಟ್ಟಿದ್ದು ಕಟ್ಟಿದ ಹಾಗೇ ಗೌರವದಿಂದ ಹೋಗುತ್ತಿತ್ತು. ಆಗ ಕೂಗಿದ್ದರೆ ಸಾಕಿತ್ತು, ಸರ್ ಅಲ್ಲೇ ಇದ್ದರು. ಆದರೆ ಜವಾಬ್ದಾರಿ ನನ್ನದು. ಓಡಿಹೋಗಿ ಧೋತರದ ತುದಿ ಹಿಡಿದು ಬಲವಾಗಿ ಜಗ್ಗಿದೆ. ಗಂಟು ಬಿಚ್ಚಿತು.

ನನ್ನ ಕೈಯಲ್ಲಿ ಬರೀ ಧೋತರ ಉಳಿಯಿತು. ಊರಿನ ರೊಟ್ಟಿಗಳೆಲ್ಲ ಒಂದರ ಹಿಂದೊಂದು ಹೊರಬಂದು ನೀರಿನ ಮೇಲೆ ಹರಡಿಕೊಂಡವು. ಬೆಳ್ಳಗೆ, ದುಂಡಗೆ, ತೆರೆ ಎದ್ದಾಗ ಎದ್ದು, ಇಳಿದಾಗ ಇಳಿದು, ದೂರ ದೂರ. ಎಲ್ಲಕ್ಕಿಂತ ಮುಂದೆ ಎಳ್ಳು ಹಚ್ಚಿದವು. ಹುಡುಗರು ಆಟ ನಿಲ್ಲಿಸಿ ನಿಂತು ನೋಡಿದರು. ಅಷ್ಟು ಚೆಂದದ್ದನ್ನು ನಾನು ಆಮೇಲೆ ಕಂಡಿಲ್ಲ.

ಸರ್ ಮೊದಲು ಹುಡುಗರನ್ನು ಎಣಿಸಿದರು, ಆಮೇಲೆ ನನ್ನ ಕೈಯ ಧೋತರ ನೋಡಿದರು.

"ನೀ ಏನ್ ಮಾಡಾಕತ್ತಿದ್ದಿಲೇ?"

"ನಾಯಿ ಕಾಯಾಕತ್ತಿದ್ನಿರಿ."

ಸರ್ ಎಲ್ಲರಿಗೂ ಬಸ್ಸು ಹತ್ತಲು ಹೇಳಿದರು. ನಮ್ಮ ಪಾಳಿ ಇನ್ನೂ ಆಗಿಲ್ಲವೆಂದು ನಾನು ಮೆಲ್ಲಗೆ ನೆನಪಿಸಿದೆ. "ರೊಟ್ಟಿ ಬಿಡದ ಸಮುದ್ರ ನಿಮ್ಮನ್ನ ಬಿಡ್ತದೇನು? ಹತ್ತಲೇ ಬಸ್" ಎಂದರು. ಎರಡನೇ ಗುಂಪಿನವರು ಊರು ಮುಟ್ಟುವತನಕ ನನ್ನೊಡನೆ ಮಾತಾಡಲಿಲ್ಲ. ಉಳಿದ ದಿನ ಎಲ್ಲರೂ ಅನ್ನ, ಉಪ್ಪಿನಕಾಯಿ ತಿಂದೆವು. ಪ್ರತಿ ತುತ್ತಿಗೂ ಒಬ್ಬೊಬ್ಬರು ನನ್ನತ್ತ ನೋಡುತ್ತಿದ್ದರು.

ಮನೆಯಲ್ಲಿ ಅವ್ವ ಕೇಳಿದ್ದು ಒಂದೇ, ರೊಟ್ಟಿ ಸಾಲುವಷ್ಟಿದ್ದವೋ ಇಲ್ಲವೋ ಎಂದು. "ಒಂದೂ ಉಳಿಲಿಲ್ಲವ್ವ" ಅಂದೆ. ನನ್ನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಧೋತರ ಹಿಡಿದಾಗ ನಾನು ನೀರಿನಲ್ಲಿ ನಿಂತಿರಲೇಬೇಕು. ಅಂದರೆ ಸಮುದ್ರ ನನ್ನ ಕಾಲಿಗೆ ಹತ್ತಿದೆ. ಆದರೆ ಅದು ತಣ್ಣಗಿತ್ತೋ ಬೆಚ್ಚಗಿತ್ತೋ, ಕಾಲಡಿಯ ಉಸುಕು ಸರಿಯಿತೋ ಇಲ್ಲವೋ ಒಂದೂ ನೆನಪಿಲ್ಲ. ನೆನಪಿರುವುದು ರೊಟ್ಟಿ ಮಾತ್ರ. ಆಮೇಲೆ ಮತ್ತೆ ಹೋಗಬೇಕೆಂದು ಎಷ್ಟು ಸಲ ಬ್ಯಾಗು ತುಂಬಿದೆನೋ! ಒಮ್ಮೆ ತೊಗರಿ ರಾಶಿ, ಒಮ್ಮೆ ಪರೀಕ್ಷೆ, ಒಮ್ಮೆ ಮಗಳಿಗೆ ಜ್ವರ. ಜೇವರ್ಗಿಯ ಸುಡು ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ನಿಂತಾಗ ನನ್ನ ಕಾಲು ಈಗಲೂ ಆ ನೀರನ್ನು ಹುಡುಕುತ್ತದೆ.

ಹೋದ ತಿಂಗಳು ಮಲ್ಲು ಮನೆಗೆ ಬಂದಿದ್ದ. ಜೇವರ್ಗಿಯಲ್ಲಿ ಅವನದು ಬೀಜ, ಗೊಬ್ಬರದ ಅಂಗಡಿ. ನಾನು ತೇಲಿದ ರೊಟ್ಟಿಯ ವರ್ಣನೆ ಶುರು ಮಾಡಿದ್ದೇ ತಡ, "ತೇಲಿಲ್ಲೋ ಮಾರಾಯ. ಕಲ್ ಮುಳುಗಿದಂಗ ಮುಳುಗಿದ್ವು. ನೀ ಕನಸ ಕಂಡಿ" ಅಂದ. ಸಮುದ್ರದ್ದೆಂದು ನನ್ನ ಬಳಿ ಇರುವುದು ಅದೊಂದೇ ಚಿತ್ರ. ಅದೂ ಸುಳ್ಳಾದರೆ?

ಅವನು ಹೋದ ಮೇಲೆ ಅಂಗಳದಲ್ಲಿ ಬಕೆಟ್ಟಿಗೆ ನೀರು ತುಂಬಿ, ಉಪ್ಪಿನ ಡಬ್ಬಿ ತಂದೆ.

"ಏನ್ ನಡಸೀರಿ?" ಎಂದು ಹೆಂಡತಿ ಸಂಗೀತಾ ಕೇಳಿದಳು.

"ಸಮುದ್ರ ಮಾಡಾಕತ್ತೇನಿ."

ಆಕೆ ಉಪ್ಪಿನ ಡಬ್ಬಿ ಕಸಿದುಕೊಂಡು ಹೋದಳು. ಅಷ್ಟರಲ್ಲಿ ಹಾಕಬೇಕಾದಷ್ಟು ಹಾಕಿದ್ದೆ. ರೊಟ್ಟಿ ಬುಟ್ಟಿಗೆ ಕೈ ಹಾಕುವಾಗ ಅವ್ವ ಹಿಡಿದಳು. ಈಗಲೂ ಮನೆಯ ರೊಟ್ಟಿ ಆಕೆಯದೇ, ಇನ್ನೊಬ್ಬರು ಬಡಿದದ್ದು ಆಕೆಗೆ ಒಪ್ಪಿಗೆಯಿಲ್ಲ. ದಾರಿಯಿಲ್ಲದೆ ಎಲ್ಲ ಹೇಳಿಬಿಟ್ಟೆ. ಗಂಟು, ನಾಯಿ, ಧೋತರ, ಒಂದೂ ಉಳಿಯಲಿಲ್ಲವೆಂದ ಮಾತು. ಇಷ್ಟು ವರ್ಷದ ಮೇಲೆ ಬೈಗುಳಕ್ಕೆ ತಯಾರಾಗಿ ನಿಂತೆ.

"ಗೊತ್ತದ. ಮಲ್ಲು ಅವತ್ತೇ ಸಂಜಿಗಿ ಬಂದು ಹೇಳಿದ್ದ" ಅಂದಳು ಅವ್ವ. ಆಮೇಲೆ ಬುಟ್ಟಿಯಲ್ಲಿ ಹುಡುಕಿ, ತೆಳ್ಳಗಿನದೊಂದು ಆರಿಸಿ ನನ್ನ ಕೈಗೆ ಕೊಟ್ಟಳು. "ಒಂದ್ ಮಾತು ಕೇಳಬೇಕಂತ ಬಾಳ ದಿನ ಆಯ್ತು, ನೀ ನಾಚ್ಕೋತಿ ಅಂತ ಬಿಟ್ಟಿದ್ದೆ. ನನ್ನವು ಎಷ್ಟ್ ದೂರ ಹೋದ್ವೋ?"

ಅವ್ವ ಸಮುದ್ರ ನೋಡಿದವಳಲ್ಲ. ನಮ್ಮ ಮನೆಯಿಂದ ಅದನ್ನು ಸರಿಯಾಗಿ ಮುಟ್ಟಿದ್ದು ಆಕೆಯ ರೊಟ್ಟಿ ಮಾತ್ರ.

"ಕಣ್ಣಿಗಿ ಕಾಣೋತನಕ ಹೋದ್ವು" ಅಂದೆ. ಆಕೆ ಆಧಾರ ಕೇಳಲಿಲ್ಲ.

ಮೂವರೂ ಬಕೆಟ್ಟಿನ ಸುತ್ತ ಕೂತೆವು. ಸಂಗೀತಾ ಮಾತ್ರ ಬಕೆಟ್ಟು ಬೇಗ ಬಿಡಬೇಕು, ಬಟ್ಟೆ ನೆನೆಸುವುದಿದೆ ಎಂದು ಎರಡು ಸಲ ಹೇಳಿದಳು. ರೊಟ್ಟಿಯನ್ನು ನೀರಿನ ಮೇಲೆ ಮೆಲ್ಲಗೆ ಬಿಟ್ಟೆ.

ಅವತ್ತು ದಂಡೆಯಲ್ಲಿ ನಾನು ನಿದ್ದೆ ಮಾಡಿದ್ದೆನೋ ಇಲ್ಲವೋ ಹೇಳಲಾರೆ. ಅವ್ವನ ರೊಟ್ಟಿಗಳು ಎಷ್ಟು ದೂರ ಹೋದವೆಂದೂ ಖಾತ್ರಿ ಕೊಡಲಾರೆ. ನೀರಿನಲ್ಲಿ ನಿಂತೆನೆಂಬುದಕ್ಕೂ ಸಾಕ್ಷಿಯಿಲ್ಲ. ಎಂ.ಎ. ಓದಿದವನು ಇಷ್ಟು ವರ್ಷದಲ್ಲಿ ಸ್ವತಃ ಪರೀಕ್ಷಿಸಿ ಖಚಿತಪಡಿಸಿದ ಸತ್ಯ ಒಂದೇ: ಖಡಕ್ ರೊಟ್ಟಿ ತೇಲುತ್ತದೆ.